ಕೊಂಡುಕುರಿಯ ಹಿಕ್ಕೆಯಲ್ಲಿ ಕುರಿಯ ರೋಗ ಹುಡುಕುವುದು

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮವನ್ನು 2011ರಲ್ಲಿ ಘೋಷಿಸಿದ್ದು ಮುಖ್ಯವಾಗಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗಾಗಿ. ಅದರ ಸುತ್ತಲಿನ ಸೀಮೆಯೋ ಕುರಿಗಾರರದ್ದು; ನಮ್ಮದೂ ಕುರಿಯ ಮನೆಯೇ. ಹಿಂಡು ಮೇಯುವ ಕುರುಚಲಿನ ಅಂಚಿನಲ್ಲಿ ಕೊಂಡುಕುರಿ ಸುಳಿದಾಡಿದ ಗುರುತು ಕಂಡಾಗಲೆಲ್ಲ ನನಗೆ ಮಂಗೋಲಿಯಾದ ಸೈಗಾ ಹುಲ್ಲೆಗಳು ನೆನಪಾಗುತ್ತವೆ. 2016ರಲ್ಲಿ ಅಲ್ಲಿನ ಸಾಕುಪ್ರಾಣಿಗಳಲ್ಲಿ ಕಾಣಿಸಿಕೊಂಡ, ಕುರಿ-ಮೇಕೆಗಳಿಗೆ ಮಾರಕವಾದ ಪಿಪಿಆರ್ ರೋಗದ ವೈರಸ್ ಕೆಲವೇ ತಿಂಗಳುಗಳಲ್ಲಿ ಸೈಗಾಗಳಿಗೂ ತಗುಲಿ, ಸಾವಿರಾರು ಪ್ರಾಣಿಗಳನ್ನು ಕೊಂದಿತು.

ಇಲ್ಲಿಯೂ ಹಾಗಾಗಿದೆಯೇ ಎಂದು ತಿಳಿಯಲು ಕುರಿಗಳ ರಕ್ತ ಸಾಲದು. ಪಿಪಿಆರ್ ತಡೆಯಲು ಕುರಿಗಳಿಗೆ ಹಾಕುವ ಸುಂಗ್ರಿ 96 ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್ ಆದ್ದರಿಂದ, ಕುರಿಯ ರಕ್ತದಲ್ಲಿ ಎಲಿಸಾ ಪರೀಕ್ಷೆ ತೋರಿಸುವ ಪ್ರತಿಕಾಯವು (ವೈರಸ್ಸನ್ನು ಎದುರಿಸಲು ದೇಹ ತಯಾರಿಸುವ ವಸ್ತು) ರೋಗದಿಂದ ಬಂದದ್ದೋ ಸೂಜಿಯಿಂದ ಬಂದದ್ದೋ ಹೇಳಲಾಗದು. ಕೊಂಡುಕುರಿಗೆ ಯಾರೂ ಲಸಿಕೆ ಹಾಕಿಲ್ಲ. ಪಿಪಿಆರ್‌ನ ಹತ್ತಿರದ ಬಂಧುವಾಗಿ ಪರೀಕ್ಷೆಯಲ್ಲಿ ಗೊಂದಲ ತರಬಹುದಾಗಿದ್ದ ದನಗಳ ದೊಡ್ಡರೋಗವೂ ನಿರ್ಮೂಲವಾಗಿದೆಯೆಂದು 2011ರಲ್ಲೇ ಘೋಷಣೆಯಾಗಿದೆ. ಹೀಗಾಗಿ ಕೊಂಡುಕುರಿಯ ರಕ್ತದಲ್ಲಿ ಪ್ರತಿಕಾಯ ಕಂಡರೆ ಸೋಂಕು ಎಂದೋ ಒಮ್ಮೆ ಬಂದುಹೋಗಿದೆ ಎಂದೇ ಅರ್ಥ. ಆದರೆ ಅಷ್ಟು ಪುಕ್ಕಲು ಪ್ರಾಣಿಯನ್ನು ರಕ್ತಕ್ಕಾಗಿ ಹಿಡಿಯುವುದು ನನ್ನ ಮಟ್ಟಿಗೆ ಒಪ್ಪಲಾಗದ ಮಾತು. ಹಿಡಿದ ಗಾಬರಿಗೇ ಅದು ಸತ್ತೀತು.

ಅದೃಷ್ಟವಶಾತ್ ಕೊಂಡುಕುರಿಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸವಿದೆ, ಮತ್ತು ಸೋಂಕು ತಗುಲಿದ ಪ್ರಾಣಿಯ ಮಲದಲ್ಲಿ ಪಿಪಿಆರ್ ವೈರಸ್ ಹೊರಬೀಳುತ್ತದೆ. ಬೆಳಗಿನ ಹಸಿ ಹಿಕ್ಕೆಯನ್ನು, ಅದರಲ್ಲಿನ ವೈರಸ್ಸಿನ ಆರ್‌ಎನ್‌ಎ (ಅದರ ಜೀನುಗಳಿರುವ ಎಳೆ) ಕೆಡದಂತೆ ಕಾಯುವ ದ್ರಾವಣದಲ್ಲಿಟ್ಟು, ತಣ್ಣಗೆ ಪ್ರಯೋಗಾಲಯಕ್ಕೆ ತಲುಪಿಸಿದರೆ ಆ ಆರ್‌ಎನ್‌ಎಯನ್ನು ಪತ್ತೆಹಚ್ಚುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಬಹುದು. ನಮ್ಮ ಬಿಸಿಲಿಗೆ ಒಣಗಿದ ಹಿಕ್ಕೆಯಲ್ಲಿ ಏನೂ ಸಿಗಲಿಲ್ಲವೆಂದರೆ ರೋಗವಿಲ್ಲ ಎಂದಾಗುವುದಿಲ್ಲ. ಹಿಕ್ಕೆ ಮೇಕೆಯದ್ದಲ್ಲ, ಕೊಂಡುಕುರಿಯದ್ದೇ ಎಂಬುದನ್ನೂ ಡಿಎನ್‌ಎಯಿಂದ ಖಚಿತಪಡಿಸಿಕೊಳ್ಳಬೇಕು. ಕಣ್ಣಳತೆಯನ್ನು ನಾನಂತೂ ನಂಬುವುದಿಲ್ಲ.

ವೈರಸ್ ಸಿಕ್ಕಿತೆನ್ನೋಣ. ಅದರ ಜೀನುಗಳಲ್ಲೊಂದಾದ ಎನ್ ಜೀನಿನ ತುಣುಕೊಂದನ್ನು ಓದಿ, ಪಿಪಿಆರ್ ವೈರಸ್ಸಿನ ನಾಲ್ಕು ವಂಶಗಳಲ್ಲಿ ಅದು ಯಾವುದಕ್ಕೆ ಸೇರಿದ್ದೆಂದು ಗುರುತಿಸುತ್ತಾರೆ. ಭಾರತದಲ್ಲಿ ಹರಡಿರುವುದು ನಾಲ್ಕನೆಯದು. ಆದ್ದರಿಂದ ವಂಶ ತಿಳಿದಷ್ಟಕ್ಕೇ ಅದು ಯಾವ ಹಿಂಡಿನಿಂದ ಬಂತೆಂದು ತಿಳಿಯದು. ಸುಮಾರು 16 ಸಾವಿರ ಅಕ್ಷರಗಳಷ್ಟಿರುವ ಇಡೀ ಜೀನೋಮನ್ನು, ಅಂದರೆ ವೈರಸ್ಸಿನ ಪೂರ್ತಿ ಜೀನು ಬರಹವನ್ನು, ಅದೇ ಹೊತ್ತಿನಲ್ಲಿ ಸುತ್ತಲಿನ ಕುರಿಗಳಲ್ಲಿ ಸಿಕ್ಕ ವೈರಸ್ಸಿನ ಜೀನೋಮಿನೊಡನೆ ಹೋಲಿಸಬೇಕಾಗುತ್ತದೆ. ಹೋಲಿಸಲು ಆ ಕುರಿಗಳ ಮಾದರಿ ಉಳಿದಿರಬೇಕಷ್ಟೆ. ನಮ್ಮ ಹಿಂಡಿನಲ್ಲಿ ಮೂಗು ಸುರಿದು, ಬಾಯಿ ಹುಣ್ಣಾಗಿ, ಭೇದಿಯಿಂದ ಮರಿಗಳು ಸತ್ತ ವರ್ಷ, ಮೂಗಿನ ದ್ರವವನ್ನು ಒಂದು ಹತ್ತಿಕಡ್ಡಿಯಲ್ಲಾದರೂ ತೆಗೆದಿಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಎಲ್ಲವನ್ನೂ ಹಳ್ಳದ ದಂಡೆಯಲ್ಲಿ ಹೂತುಬಿಟ್ಟೆವು.