ಎರಡೂ ಕಡೆ ಜಿಸಿಸಿ 13, ಆದರೂ ಒಂದೇ ಕಡೆ ಲಿಂಕ್

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಗೆ ಸಣ್ಣ ಸಿ ಪ್ರೋಗ್ರಾಮ್ ಹಾಕಿಕೊಡುವುದಿತ್ತು. ಸೀರಿಯಲ್ ಪೋರ್ಟಿನಿಂದ ಫರ್ನೇಸ್ ಟೆಂಪರೇಚರ್ ಓದಿ ಲೆಕ್ಕ ಹಾಕೋದು, ಅಷ್ಟೇ. ನನ್ನ ಜೊತೆ ಬಂದಿದ್ದ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಫೆಡೋರಾ ಲಿನಕ್ಸ್, ಅಲ್ಲಿ ಮೇಕ್ (ಮೇಕ್‌ಫೈಲ್‌ನಲ್ಲಿ ಬರೆದ ಹಾಗೆ ಪ್ರೋಗ್ರಾಮ್ ಕಟ್ಟುವ ಕಮಾಂಡ್) ಕೊಟ್ಟರೆ ತಕರಾರಿಲ್ಲದೆ ಬಿಲ್ಡ್ ಆಗುತ್ತಿತ್ತು. ಫೌಂಡ್ರಿ ಕಂಪ್ಯೂಟರ್‌ನಲ್ಲಿ ಉಬುಂಟು 24.04, ಅದೂ ಲಿನಕ್ಸೇ. ಅದೇ ಕೋಡ್, ಅದೇ ಮೇಕ್‌ಫೈಲ್, ಆದರೆ 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಪೌ' ಅಂತ ಎರರ್. ಅಂದರೆ ಘಾತ ಲೆಕ್ಕ ಹಾಕುವ 'ಪೌ' ಫಂಕ್ಷನ್ ಎಲ್ಲೂ ಸಿಗಲಿಲ್ಲ ಅಂತ.

"ಸರ, ನನ್ನ ಮಷೀನ್‌ನ್ಯಾಗ ಬರ್ತೈತ್ರಿ, ಇಲ್ಲಿ ಯಾಕೋ ಒಲ್ಲೆ ಅನ್ನಾಕತ್ತೈತಿ" ಅಂದ ಹುಡುಗ. ಹಿಂದೆ ನಿಂತಿದ್ದ ಮಾಲೀಕರು "ವೈರಸ್ ಏನ್ರೀ?" ಅಂದರು. ಅವರ ಪಾಲಿಗೆ ಎಲ್ಲ ತೊಂದರೆಗೂ ವೈರಸ್ಸೇ ಕಾರಣ.

ಗಣಿತದ ಲೈಬ್ರರಿ ಇಲ್ಲವೇನೋ ಅಂತ ನೋಡಿದೆ, ಇತ್ತು. ಸಿ ಕೋಡನ್ನು ಪ್ರೋಗ್ರಾಮ್ ಮಾಡುವ ಕಂಪೈಲರ್ ಜಿಸಿಸಿ, ಅದರ ವರ್ಶನ್ ಎರಡರಲ್ಲೂ 13. ಕೊನೆಗೆ ಎರಡೂ ಕಡೆ 'ಜಿಸಿಸಿ ಮೈನಸ್ ವಿ' (ಒಳಗೆ ನಡೆಯೋದನ್ನೆಲ್ಲ ತೋರಿಸುವ ಆಯ್ಕೆ) ಕೊಟ್ಟು, ಕೋಡನ್ನು ಲೈಬ್ರರಿಗಳಿಗೆ ಜೋಡಿಸುವ ಲಿಂಕರ್‌ಗೆ ಹೋಗುವ ಆ ಉದ್ದದ ಸಾಲನ್ನು ಪಕ್ಕಪಕ್ಕ ಇಟ್ಟು ಓದುತ್ತಾ ಹೋದಾಗ ಉಬುಂಟು ಕಡೆ ಮಾತ್ರ ನಮ್ಮ ಫೈಲುಗಳಿಗಿಂತ ಮೊದಲೇ 'ಆ್ಯಸ್ ನೀಡೆಡ್' ಅನ್ನೋ ಫ್ಲ್ಯಾಗ್ ಸಿಕ್ಕಿತು. ಅದನ್ನು ನಾವು ಕೊಟ್ಟಿರಲಿಲ್ಲ. ಮೂಲ ಜಿಸಿಸಿಯೂ ನಮ್ಮ ಲೈಬ್ರರಿಗಳಿಗೆ ಇದನ್ನು ತಾನಾಗಿ ಕೊಡುವುದಿಲ್ಲ. 2011ರ ಉಬುಂಟು 11.10ರಿಂದ ಅವರೇ ಪ್ಯಾಚ್ ಹಾಕಿ ಸೇರಿಸುತ್ತಾರೆ.

ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಈ ಫ್ಲ್ಯಾಗ್ ಇದ್ದರೆ, ಆ ಹೊತ್ತಿಗೆ ಯಾರೂ ಕೇಳಿರದ ಲೈಬ್ರರಿಯನ್ನು ಬಿಟ್ಟು ಮುಂದೆ ಹೋಗುತ್ತದೆ. ಯಾವುದೋ ಹಳೆ ಪ್ರಾಜೆಕ್ಟಿನಿಂದ ಬಂದ ನಮ್ಮ ಮೇಕ್‌ಫೈಲ್‌ನಲ್ಲಿ 'ಮೈನಸ್ ಎಲ್‌ಎಂ' (ಗಣಿತದ ಲೈಬ್ರರಿ ಸೇರಿಸು ಅನ್ನೋದು) ಮೊದಲು, ಸಿ ಫೈಲ್ ಆಮೇಲೆ. ಪಂಗತಿಯಲ್ಲಿ ಬಡಿಸುವವನು ದಾಟಿಹೋದ ಮೇಲೆ ಎಲೆ ಹಾಕಿಕೊಂಡ ಹಾಗೆ.

ಉಬುಂಟುವಿನವರ ಉದ್ದೇಶ ಕೆಟ್ಟದ್ದಲ್ಲ. ಬೇಡದ ಲೈಬ್ರರಿಗೆ ಪ್ರೋಗ್ರಾಮ್ ಸುಮ್ನೆ ಗಂಟುಬೀಳೋದು ತಪ್ಪುತ್ತದೆ. ನನ್ನ ಸಿಟ್ಟು ಅದನ್ನು ಕಂಪೈಲರ್ ಒಳಗೇ ಅಡಗಿಸಿಟ್ಟಿದ್ದರ ಮೇಲೆ. ಫೆಡೋರಾದವರೂ ಇದೇ ಫ್ಲ್ಯಾಗ್ ಬಳಸುತ್ತಾರೆ, ಆದರೆ ತಮ್ಮ ಆರ್‌ಪಿಎಂ ಪ್ಯಾಕೇಜ್ (ಅವರು ಪ್ರೋಗ್ರಾಮ್ ಹಂಚುವ ರೂಪ) ಕಟ್ಟುವಾಗ ಮಾತ್ರ. ನಾವು ನೇರವಾಗಿ ಕರೆಯುವ ಜಿಸಿಸಿಗೆ ಅದು ಅಂಟುವುದಿಲ್ಲ. ಕೋಡಿನ ಕೆಲವು ಅಪಾಯಗಳನ್ನು ಹಿಡಿಯುವ 'ಫೋರ್ಟಿಫೈ ಸೋರ್ಸ್' ಕಥೆಯೂ ಹೀಗೇ. ಉಬುಂಟುವಿನಲ್ಲಿ ಆಪ್ಟಿಮೈಸೇಶನ್ (ಪ್ರೋಗ್ರಾಮ್ ಚುರುಕು ಮಾಡುವ ಆಯ್ಕೆ) ಇಟ್ಟು ಕಂಪೈಲ್ ಮಾಡಿದರೆ ಅದು ತಾನೇ ಬರುತ್ತದೆ, ಹಾಗಾಗಿ ರೀಡ್ ಫಂಕ್ಷನ್ನಿನ ಉತ್ತರವನ್ನು ನೋಡದೆ ಬಿಟ್ಟಿದ್ದಕ್ಕೆ ಅಲ್ಲಿ ವಾರ್ನಿಂಗ್ ಬಂತು, ಹುಡುಗನ ಲ್ಯಾಪ್‌ಟಾಪ್ ಅದರ ಬಗ್ಗೆ ಬಾಯೇ ಬಿಟ್ಟಿರಲಿಲ್ಲ. ಸೀರಿಯಲ್ ಪೋರ್ಟ್ ಓದುವ ಕೋಡಿಗೆ ಆ ವಾರ್ನಿಂಗ್ ಬೇಕಾದದ್ದೇ, ಅದನ್ನೂ ಸರಿಪಡಿಸಿದೆವು.

'ಎಲ್‌ಎಂ' ಅನ್ನು ಸಾಲಿನ ಕೊನೆಗೆ ಹಾಕಿದ ಮೇಲೆ ಎರಡೂ ಕಡೆ ಬಿಲ್ಡ್ ಆಯಿತು. ಆಮೇಲೆ ಮೇಕ್‌ಫೈಲ್‌ನಲ್ಲೇ 'ಆ್ಯಸ್ ನೀಡೆಡ್', 'ಫೋರ್ಟಿಫೈ ಸೋರ್ಸ್' ಎರಡೂ ಫ್ಲ್ಯಾಗ್ ಬರೆಸಿದೆ. ಫೌಂಡ್ರಿಯಲ್ಲಿ ಕೆಡೋದು ಇನ್ನು ಹುಡುಗನ ಲ್ಯಾಪ್‌ಟಾಪ್‌ನಲ್ಲೇ ಕೆಡಲಿ. ಮಾಲೀಕರಿಗೆ ಮಾತ್ರ "ಹೂಂರೀ, ವೈರಸ್ ಹೋತು" ಅಂದೆ.