ನೈಸ್ ಹುಡುಗಿಯರ ಮನೆ

2024 ಆಗಸ್ಟ್ 14, ಬುಧವಾರ
ಪ್ಲೇನೋ, ಟೆಕ್ಸಾಸ್

ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮಗಳ ಫೋನ್ ಬಂತು. ಸ್ಪೀಕರ್ ಹಾಕಿ ಒಲೆ ಪಕ್ಕ ಇಟ್ಟೆ.

ಈ ವರ್ಷ ದಕ್ಷಿಣದ ಒಂದು ದೊಡ್ಡ ಯೂನಿವರ್ಸಿಟಿ ಸೇರಿದ್ದಾಳೆ. ಕ್ಲಾಸ್ ಶುರುವಾಗುವ ಮೊದಲೇ ಅಲ್ಲಿ 'ರಶ್'. ಸೊರೊರಿಟಿ ಅಂದ್ರೆ ಕಾಲೇಜು ಹುಡುಗಿಯರದ್ದೇ ಸಂಘ, ಒಂದೊಂದಕ್ಕೂ ಒಂದೊಂದು ಮನೆ. ಅವುಗಳಿಗೆ ಹೊಸ ಹುಡುಗಿಯರನ್ನು ಆರಿಸುವ ವಾರ ಇದು. ಮನೆಮನೆಗೆ ಹೋಗಬೇಕು, ಒಂದಿಷ್ಟು ಹೊತ್ತು ನಗುನಗುತ್ತಾ ಮಾತಾಡಬೇಕು. ಆಮೇಲೆ ಯಾರು ಎಷ್ಟು ಇಷ್ಟ ಅಂತ ಇವರು ಅವರಿಗೆ ಒಂದು, ಎರಡು ಅಂತ ನಂಬರ್ ಕೊಡಬೇಕು, ಅವರು ಇವರಿಗೆ. ನನಗಂತೂ ಹೆಣ್ಣು ನೋಡುವ ಶಾಸ್ತ್ರದ ಹಾಗೇ ಕಾಣುತ್ತೆ. ಉಪ್ಪಿಟ್ಟು, ಕೇಸರಿಬಾತ್ ಇಲ್ಲ, ಅಷ್ಟೆ.

ಇವತ್ತು ಅವಳ ಮಾತಲ್ಲಿ ವಾಕ್ಯಕ್ಕೊಂದು 'ಅಂತೆ'. ಬಿಳಿ ಕಂಬದ ಮನೆಯವರಿಗೆ ಸೊಕ್ಕಂತೆ. ಮೂಲೆ ಮನೆಯವರದ್ದು ಬರೀ ಪಾರ್ಟಿಯಂತೆ. ಅದರ ಪಕ್ಕದವರು ಓದೋರಂತೆ.

"ಯಾರೇ ಹೇಳಿದ್ದು?"

"ಎಲ್ಲರೂ ಹೇಳ್ತಾರಮ್ಮ."

ಕೆದಕಿದೆ. ರೂಮ್‌ಮೇಟ್‌ಗೆ ಅವಳ ಊರಿನ ಸೀನಿಯರ್ ಹೇಳಿದ್ದು. ಇನ್ನೊಬ್ಬಳಿಗೆ ಅವಳಮ್ಮ ಹೇಳಿದ್ದು. ಆಕೆ ಅಲ್ಲಿ ಓದಿದ್ದು ಮೂವತ್ತು ವರ್ಷದ ಹಿಂದೆ! ಮಿಕ್ಕಿದ್ದು ಟಿಕ್‌ಟಾಕ್. 2021ರಲ್ಲಿ ಅಲಬಾಮಾ ಯೂನಿವರ್ಸಿಟಿಯ ರಶ್ ವಿಡಿಯೋಗಳು ವೈರಲ್ ಆದವಲ್ಲ, ಅಲ್ಲಿಂದೀಚೆಗೆ ಇದೂ ಒಂದು ಸೀರಿಯಲ್ ಆಗಿಬಿಟ್ಟಿದೆ. ಇದೆಲ್ಲ ಕೈ ಬದಲಾಗುವ ಜಾಗ ಮಾತ್ರ ಬಾಗಿಲ ಮುಂದಿನ ಸಾಲು. ಬಿಸಿಲಲ್ಲಿ ಪುಟ್ಟ ಫ್ಯಾನ್ ಹಿಡಿದು, ಚಪ್ಪಲಿ ಬಿಚ್ಚಿ ಚೀಲದಲ್ಲಿರೋ ಹೀಲ್ಸ್ ಹಾಕ್ಕೊಳ್ಳುತ್ತಾ ನಿಂತಿರುತ್ತಾರೆ. ಜೊತೆಗೆ ದಾರಿ ತೋರಿಸೋಕೆ ಒಬ್ಬಳು ಹಿರಿಯ ಹುಡುಗಿ. ತಾನು ಯಾವ ಮನೆಯವಳು ಅಂತ ಆ ವಾರ ಆಕೆ ಬಾಯಿ ಬಿಡೋ ಹಾಗಿಲ್ಲ. ಇವರು ಅದನ್ನೂ ಇನ್‌ಸ್ಟಾಗ್ರಾಂನಲ್ಲಿ ಆಕೆಯ ಗೆಳತಿಯರನ್ನು ಹುಡುಕಿ ಪತ್ತೆ ಮಾಡಿದ್ದಾರೆ.

ಮೊದಲ ದಿನ ಒಂದು ಮನೆ ಇವಳಿಗೆ ತುಂಬಾ ಹಿಡಿಸಿತ್ತು. ಅಲ್ಲಿನ ಹುಡುಗಿ ತನ್ನ ಅಜ್ಜಿ ಸಾಕಿದ ಕೋಳಿಗಳ ಕಥೆ ಹೇಳಿ ನಗಿಸಿದ್ದಳು. ಹೊರಗೆ ಬಂದರೆ ಸಾಲಲ್ಲಿದ್ದ ಒಬ್ಬಳು, "ಓ, ಅವರಾ? ಸೋ ನೈಸ್" ಅಂದಳಂತೆ. ಆ 'ನೈಸ್' ಅನ್ನು ಮಗಳು ರಾಗ ಎಳೆದು ತೋರಿಸಿದಳು. ತಕ್ಷಣ ಅರ್ಥವಾಯ್ತು. ಹುಡುಗಿ ನೋಡೋಕೆ ಹೇಗಿದ್ದಾಳೆ ಅಂತ ಕೇಳಿದರೆ ನಮ್ಮ ಕಡೆ "ತುಂಬಾ ಗುಣವಂತೆ" ಅಂತಿದ್ದರಲ್ಲ, ಅದೇ. (ಆ ಪದದ ಬಾಲದಲ್ಲೂ ಒಂದು 'ಅಂತೆ' ಇದೆ ನೋಡಿ!) ಆ ರಾತ್ರಿ ಕೋಳಿ ಕಥೆಯ ಮನೆಯನ್ನು ಪಟ್ಟಿಯ ಕೊನೆಗೆ ತಳ್ಳಿದ್ದಾಳೆ.

ಗಾಳಿಮಾತು ಲೆಕ್ಕಕ್ಕೂ ಇಳಿಯುತ್ತೆ, ಅದೇ ನನಗೆ ಸಿಟ್ಟು. ಎಲ್ಲ ಮನೆಗಳೂ ತುಂಬಲಿ ಅಂತ ಒಂದು ಏರ್ಪಾಡಿದೆ: ಬೇಡಿಕೆ ಜಾಸ್ತಿ ಇರೋ ಮನೆ ಮೊದಲ ಸುತ್ತಲ್ಲೇ ಜಾಸ್ತಿ ಜನರನ್ನು ಕೈಬಿಡಬೇಕು, ಕಡಿಮೆ ಇರೋ ಮನೆ ಜಾಸ್ತಿ ಜನರನ್ನು ಮತ್ತೆ ಕರೆಯಬಹುದು. ಹುಡುಗಿಯರು ಅದನ್ನು ಅರ್ಥ ಮಾಡ್ಕೊಳ್ಳೋದೇ ಬೇರೆ. ಬಿಟ್ಟರಾ? ಹಾಗಾದ್ರೆ ದೊಡ್ಡ ಮನೆ. ಕರೆದರಾ? ಯಾರನ್ನು ಬೇಕಾದ್ರೂ ಕರೀತಾರೆ.

ಬುದ್ಧಿ ಹೇಳೋಣ ಅಂತಲೇ ಬಾಯಿ ತೆರೆದೆ. ಬಂದದ್ದು ಇದು: "ಆ ಬಿಳಿ ಕಂಬದ ಮನೆಗೆ ನಮ್ಮವರನ್ನ ತಗೊಳ್ಳಲ್ವಂತೆ ಕಣೇ."

2013ರಲ್ಲಿ ಅಲಬಾಮಾದಲ್ಲಿ ಕಪ್ಪು ಹುಡುಗಿಯರನ್ನು ಬಣ್ಣ ನೋಡಿ ಬಿಟ್ಟದ್ದು ವಿದ್ಯಾರ್ಥಿಗಳ ಪತ್ರಿಕೆಯಲ್ಲೇ ಬಂದಿತ್ತು, ನಿಜ. ಆದರೆ ಅದು ಬೇರೆ ಊರು, ಬೇರೆ ಮನೆಗಳು. ಈ ಮನೆ ವಿಷಯ ನನಗೆ ಹೇಳಿದ್ದು ಒಬ್ಬ ಗೆಳತಿ. ಅವಳಿಗೆ ಇನ್ಯಾರೋ.

"ಯಾರಮ್ಮಾ ಹೇಳಿದ್ದು?"

ಸಾಸಿವೆ ಸೀದಿತ್ತು. ಬೆಳಿಗ್ಗೆ ಎಂಟಕ್ಕೆ ಸಾಲಲ್ಲಿ ನಿಲ್ಲಬೇಕು ಅಂತ ಅವಳು ಫೋನಿಟ್ಟಳು. ಬಿಳಿ ಕಂಬದ ಮನೆಗೆ ಎಷ್ಟನೇ ನಂಬರ್ ಕೊಟ್ಟಳೋ, ಹೇಳಲಿಲ್ಲ.