ಒಂದು ಯೂನಿಟ್ ಕರೆಂಟಿನ ಲೆಕ್ಕ

ಕರೆಂಟ್ ಯಾವುದರಿಂದ ಬಂದರೂ ಬಲ್ಬ್ ಒಂದೇ ಥರ ಉರಿಯುತ್ತದೆ. ಅದಕ್ಕೇ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2014ರ ವರದಿಯ ಅಂದಾಜು ನೋಡುತ್ತಿದ್ದೆ. ಸ್ಥಾವರ ಕಟ್ಟುವುದರಿಂದ ಹಿಡಿದು ಎಲ್ಲ ಸೇರಿಸಿದರೆ, ಒಂದು ಯೂನಿಟ್‌ಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಸಿರುಮನೆ ಅನಿಲ. ಗ್ಯಾಸ್ 490. ದೊಡ್ಡ ಸೋಲಾರ್ ಸ್ಥಾವರ 48. ಅಣುಶಕ್ತಿ 12, ಗಾಳಿ 11. ಅಣು ಅಂದರೆ ಹೆದರುವವರೇ ಜಾಸ್ತಿ, ಆದರೆ ಈ ಲೆಕ್ಕದಲ್ಲಿ ಅದು ಗಾಳಿಯ ಪಕ್ಕದಲ್ಲೇ ಇದೆ ಅಲ್ವಾ! ಅದರ ತ್ಯಾಜ್ಯವನ್ನು ಸಾವಿರಾರು ವರ್ಷ ಜೋಪಾನ ಮಾಡಬೇಕು, ಅದೂ ನಿಜ. ಕಲ್ಲಿದ್ದಲ ಹೊಗೆ ಮಾತ್ರ ಇವತ್ತೇ ಯಾರದೋ ಎದೆಗೆ ಇಳಿಯುತ್ತಿದೆ. ರಾತ್ರಿ ಬಿಸಿಲಿಲ್ಲ, ಗಾಳಿ ಹೇಳಿ ಕೇಳಿ ಬೀಸುವುದಿಲ್ಲ. ಹಾಗಾಗಿ ಕರೆಂಟ್ ಕೂಡಿಡಲು ಬ್ಯಾಟರಿ, ಜಲಾಶಯ ಬೇಕೇ ಬೇಕು. ನನ್ನ ಮಟ್ಟಿಗೆ ಮೊದಲು ಮುಚ್ಚಬೇಕಾದದ್ದು ಕಲ್ಲಿದ್ದಲು ಸ್ಥಾವರಗಳನ್ನೇ.